ಮೂರು ಪಂಚಾಯ್ತಿಯ ಕೆಂಪು ವ್ಯಾನು

ಆ ಕೆಂಪು ವ್ಯಾನಿನ ಮಾತೆತ್ತಿದರೆ ಈಗಲೂ ನಮ್ಮ ಮನೆಯಲ್ಲಿ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಯಜಮಾನರಿಗೆ ಅಂಗಳದಲ್ಲಿ ಏನೋ ಕೆಲಸ ನೆನಪಾಗುತ್ತದೆ, ಬಂದ ನೆಂಟರಿಗೆ ಬಸ್ಸಿನ ಹೊತ್ತು ನೆನಪಾಗುತ್ತದೆ. ಹೋಗಲಿ ಬಿಡಿ. ನನಗೆ ಬಾಯಿಗೆ ಬೀಗ ಹಾಕಿಕೊಂಡು ಕೂತು ಅಭ್ಯಾಸವಿಲ್ಲ. ಪಂಚಾಯ್ತಿಗೆ ನನ್ನನ್ನು ನಿಲ್ಲಿಸಿದ್ದೇ ಈ ಬಾಯಿಯ ದೆಸೆಯಿಂದ. ಹೆಂಗಸರಿಗೆ ಮೀಸಲು ಸೀಟು ಬಂದಾಗ ಊರ ಗಂಡಸರು ನಮ್ಮ ಜಗಲಿಯಲ್ಲಿ ಕೂತು, “ಮೀನ್ ಮಾರುಕೆ ಆಪ ಬಾಯಿ ಮೀಟಿಂಗಿಗೂ ಆತ್ತ್, ನಿಲ್ಸುವ” ಎಂದು ನಗಾಡಿದ್ದರು. ನಿಂತೆ, ಗೆದ್ದೆ. ಬೆಳಿಗ್ಗೆ ಮೀನು ಮಾರಿ ಬುಟ್ಟಿ ತೊಳೆದು ಕವುಚಿ ಹಾಕಿ, ಮಧ್ಯಾಹ್ನ ಸೀರೆ ಬದಲಿಸಿಕೊಂಡು ಮೀಟಿಂಗಿಗೆ ಹೋಗುತ್ತಿದ್ದೆ.

ಕುಂದಾಪುರಕ್ಕೂ ಬೈಂದೂರಿಗೂ ನಡುವೆ ಹೆದ್ದಾರಿ ಬಿಟ್ಟು ಪಡುವಣಕ್ಕೆ ಇಳಿದರೆ ನಮ್ಮ ಊರು. ಕಡಲ ದಂಡೆಯುದ್ದಕ್ಕೂ ನಮ್ಮ ಪಂಚಾಯ್ತಿ. ಹೊಳೆ ದಾಟಿದರೆ ಇನ್ನೊಂದು, ಹೆದ್ದಾರಿ ದಾಟಿ ಗುಡ್ಡ ಹತ್ತಿದರೆ ಮತ್ತೊಂದು. ಮೂರಕ್ಕೂ ಅಧ್ಯಕ್ಷರು ಬೇರೆ, ಆಫೀಸು ಬೇರೆ, ಜಗಳ ಬೇರೆ. ಆದರೆ ಬೆಂಕಿ ಬಿದ್ದರೆ, ಹಾವು ಕಚ್ಚಿದರೆ, ಯಾರಾದರೂ ಕಡಲಲ್ಲಿ ಮುಳುಗಿದರೆ ಮೂರೂ ಊರಿನವರು ನೋಡುವುದು ಒಂದೇ ದಿಕ್ಕು, ಕುಂದಾಪುರ. ಆಗೆಲ್ಲ ಕರೆದ ಕೂಡಲೇ ಬರುವ ಸರ್ಕಾರಿ ಆಂಬುಲೆನ್ಸು ಇರಲಿಲ್ಲ. ಫೋನು ಇದ್ದದ್ದೂ ಎಲ್ಲೋ ಕೆಲವರ ಮನೆಯಲ್ಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಗಾಳಿ ಏಳುವ ಹೊತ್ತಿಗೆ ನಮ್ಮ ದಂಡೆಯ ಬಲೆ ಕೊಟ್ಟಿಗೆಗಳಿಗೆ ಬೆಂಕಿ ಹಿಡಿಯಿತು. ತೆಂಗಿನ ಮಡಲು ಹೊದಿಸಿದ ಮಾಡು, ಒಳಗೆ ನೈಲಾನು ಬಲೆ, ಮೂಲೆಯಲ್ಲಿ ದೋಣಿ ಎಂಜಿನ್ನಿಗೆ ತಂದಿಟ್ಟ ಸೀಮೆಎಣ್ಣೆ. ಎದುರಿಗೇ ಅಷ್ಟು ದೊಡ್ಡ ಕಡಲು ಇದೆ, ನಮ್ಮ ಕೈಯಲ್ಲಿ ಇದ್ದದ್ದು ಕೊಡಪಾನ! ಬೆಂಕಿಯ ಗಾಡಿ ಬರುವುದು ಬಂತು, ಪಾಪ, ಅವರದ್ದೇನು ತಪ್ಪು? ಅಷ್ಟು ದೂರದಿಂದ ಬಂದು, ಓಣಿಯೊಳಗೆ ತಿರುಗಿ, ಕೊನೆಗೆ ಹೊಯ್ಗೆಯಲ್ಲಿ ಚಕ್ರ ಹೂತು ನಿಂತಿತು. ಅಷ್ಟರೊಳಗೆ ಬಲೆಗಳೆಲ್ಲ ಕರಗಿ ಕರಿ ಉಂಡೆಗಳಾಗಿದ್ದವು. ಗಂಡಸರು ದಂಡೆಯಲ್ಲಿ ಕೂತು ಅತ್ತದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ.

ಅದರ ನಂತರ ನಾನು ಸುಮ್ಮನೆ ಕೂರಲಿಲ್ಲ. ಒಂದೊಂದೇ ಪಂಚಾಯ್ತಿಗೆ ಅಂಥ ಗಾಡಿ ಇಟ್ಟುಕೊಳ್ಳುವ ತಾಕತ್ತಿಲ್ಲ, ಮೂರು ಸೇರಿದರೆ ಒಂದನ್ನು ಸಾಕಬಹುದು ಎಂದು ಮೂರೂ ಅಧ್ಯಕ್ಷರ ಮನೆಗೆ ಹೋಗಿ ತಲೆ ತಿಂದೆ. ಮುಂಬೈಯಲ್ಲಿ ಹೋಟೆಲು ಇಟ್ಟಿದ್ದ ನಮ್ಮ ಕಡೆಯವರು ಒಂದು ಹಳೆಯ ವ್ಯಾನು ಕೊಟ್ಟರು. ದೋಣಿಗೆ ಬಣ್ಣ ಬಳಿಯುವವನ ಕೈಯಲ್ಲಿ ಅದಕ್ಕೆ ಕೆಂಪು ಬಣ್ಣ ಹೊಡೆಸಿದೆವು. ಒಳಗೆ ಒಂದು ಸ್ಟ್ರೆಚರು, ಒಂದು ಔಷಧದ ಪೆಟ್ಟಿಗೆ. ಹಿಂದೆ ಸಿಕ್ಕಿಸಿಕೊಂಡು ಎಳೆಯಲು ಒಂದು ಪಂಪು, ಸುರುಳಿ ಸುತ್ತಿದ ಪೈಪು. ಒಂದು ತಿಂಗಳು ನಮ್ಮ ಆಫೀಸಿನ ಅಂಗಳದಲ್ಲಿ, ಒಂದು ತಿಂಗಳು ಹೊಳೆಯಾಚೆ, ಒಂದು ತಿಂಗಳು ಗುಡ್ಡದ ಮೇಲೆ ಅದು ಇರುವುದೆಂದು ಮಾತಾಯಿತು. ಡ್ರೈವರಾಗಿ ಬಂದವನು ಕೆರಾಡಿ ಕಡೆಯ ಹುಡುಗ, ನಗುಮುಖದವನು, ನನ್ನನ್ನು ಅಕ್ಕ ಎನ್ನುತ್ತಿದ್ದ.

ಆ ಮೊದಲ ಬೇಸಿಗೆ! ಗೇರುಮರಗಳ ಹಾಡಿಗೆ ಬಿದ್ದ ಬೆಂಕಿ ಮನೆಗಳಿಗೆ ಇಳಿಯುವ ಮೊದಲೇ ಆರಿತು. ನಾಗರ ಕಚ್ಚಿದ ಒಬ್ಬ ಕೂಲಿಯಾಳು ಬದುಕಿ ಮನೆಗೆ ನಡೆದುಕೊಂಡು ಬಂದ. ಹೊಳೆಯಾಚೆಯ ಒಂದು ಹೆಣ್ಣು ಅದೇ ವ್ಯಾನಿನಲ್ಲಿ ಹೋಗಿ ಅವಳಿ ಮಕ್ಕಳನ್ನು ಹೆತ್ತು ಬಂದಳು. ವ್ಯಾನು ಹೋದಲ್ಲೆಲ್ಲ ಡ್ರೈವರ್ ಹುಡುಗನಿಗೆ ಎಳನೀರು, ಬಾಳೆಹಣ್ಣು. ಮೀನು ಮಾರುವಾಗ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಮ್ಮ ವ್ಯಾನು” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಜಂಬ ಇತ್ತು, ಇಲ್ಲ ಎನ್ನುವುದಿಲ್ಲ.

ಮಳೆಗಾಲ ಬಂತು. ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಒಂದು ಹೆಣ ಬಂದು ಬಿತ್ತು.

ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಎಲ್ಲಿಂದಲೋ ಕಡಲು ತಂದು ಹಾಕಿದ್ದು. ಬಹಳ ದಿನ ನೀರಲ್ಲಿದ್ದ ಹೆಣ, ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು. ಅಳಿವೆಯ ಈಚೆ ದಂಡೆ ನಮ್ಮದು, ಆಚೆ ದಂಡೆ ಹೊಳೆಯಾಚೆಯವರದ್ದು, ಹೆಣ ಬಿದ್ದದ್ದು ನಡುವಿನ ದಿಬ್ಬದಲ್ಲಿ. ಪೊಲೀಸರು ಬಂದರು. ಕುಂದಾಪುರದ ದೊಡ್ಡಾಸ್ಪತ್ರೆಗೆ ಸಾಗಿಸಬೇಕು, ಯಾವ ರಿಕ್ಷಾದವನೂ ಹತ್ತಿರ ಬರಲೊಲ್ಲ, ಟೆಂಪೋದವನು ಗಾಡಿ ಕೆಟ್ಟಿದೆ ಎಂದು ಕಂಬಳಿ ಹೊದ್ದು ಮಲಗಿಬಿಟ್ಟ. ಡ್ರೈವರ್ ಹುಡುಗ ನನ್ನ ಮುಖ ನೋಡಿದ.

“ಅಕ್ಕ, ನಮ್ ಗಾಡಿ ಹೋಗ್ದಿದ್ರೆ ಮತ್ ಯಾವ್ದೂ ಬತ್ತಿಲ್ಲೆ. ಹಾಂಗೇ ಬಿಟ್ಟ್ ಬಪ್ಪುಕ್ ಆತ್ತಾ?”

“ಹೋಗ್ ಮಗಾ. ಯಾರೋ ಹೆತ್ತವ್ಳ್ ಹೆತ್ತ ಮಗ ಅದು” ಎಂದೆ.

ಹೋಯಿತು. ಮರುದಿನ ಹುಡುಗ ಒಬ್ಬನೇ ವ್ಯಾನು ತೊಳೆದ. ಫಿನಾಯಿಲು ಹಾಕಿ, ಸೀಗೆ ಹಾಕಿ, ಮತ್ತೆ ಫಿನಾಯಿಲು ಹಾಕಿ ತೊಳೆದ. ಬಾಗಿಲು ತೆರೆದಿಟ್ಟರೂ ಆ ಮಳೆಗಾಲದ ತೇವಕ್ಕೆ ವಾಸನೆ ಪೂರ್ತಿ ಹೋಗಲಿಲ್ಲ. ಪುಣ್ಯಾಹ ಮಾಡಿಸಿಬಿಡೋಣ, ಜನರ ಮನಸ್ಸಿಗೆ ಸಮಾಧಾನವಾಗುತ್ತದೆ ಎಂದು ನಾನೇ ಹೇಳಿದೆ. ಆದರೆ ಮಾಡಿಸುವುದು ಯಾರು? ಹೆಣ ನಿಮ್ಮ ದಂಡೆಯದು ಎಂದು ಹೊಳೆಯಾಚೆಯವರು ನಮಗೆ, ನಿಮ್ಮದು ಎಂದು ನಾವು ಅವರಿಗೆ. ಗುಡ್ಡದವರು, ನಮಗೆ ಕಡಲೇ ಇಲ್ಲ, ಹೆಣ ಎಲ್ಲಿಂದ ಬರಬೇಕು ಎಂದರು. ಯಾರು ಪುಣ್ಯಾಹ ಮಾಡಿಸುತ್ತಾರೋ ಆ ಊರಿಗೇ ಸೂತಕ ಒಪ್ಪಿಕೊಂಡಂತೆ ಎಂದು ಮೂವರಿಗೂ ಒಳಗೊಳಗೆ ಹೆದರಿಕೆ. ಮೂರೂ ಕಡೆಯವರು ಕಾಯುತ್ತ ಕೂತರು, ಪುಣ್ಯಾಹ ಆಗಲೇ ಇಲ್ಲ.

ಅಲ್ಲಿಂದ ಫೋನು ಬರುವುದು ನಿಂತಿತು.

ಮೊದಮೊದಲು ನನಗೂ ತಿಳಿಯಲಿಲ್ಲ. ಮಳೆಗಾಲ, ಬೆಂಕಿ ಎಲ್ಲಿಂದ ಬರಬೇಕು ಎಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಹೊಳೆಯಾಚೆ ಮೀನು ಮಾರಲು ಹೋದಾಗ ಕಂಡೆ. ಎದೆ ನೋವೆಂದು ಬೆವತು ನೀರಾದ ಒಬ್ಬ ಮುದುಕನನ್ನು ಇಬ್ಬರು ಹಿಡಿದು ರಿಕ್ಷಾದಲ್ಲಿ ಕೂರಿಸುತ್ತಿದ್ದರು. ಕೂರಲಾಗದೆ ಮನುಷ್ಯ ವಾಲುತ್ತಿದ್ದಾನೆ. ವ್ಯಾನು ಆ ತಿಂಗಳು ಹೊಳೆಯಾಚೆಯೇ ಇತ್ತು, ಅವರ ಮನೆಯ ಬೇಲಿಯಿಂದ ಕಾಣುವಷ್ಟು ಹತ್ತಿರ, ಹಲಸಿನ ಮರದಡಿ. “ಹ್ವಾಯ್, ಅಲ್ಲಿ ಗಾಡಿ ಇತ್ತಲೇ!” ಎಂದು ಕೂಗಿದೆ. ಅವನ ಹೆಂಡತಿ ನನ್ನತ್ತ ತಿರುಗಿ ನೋಡಿದ ನೋಟ ಇದೆಯಲ್ಲ, ನಾನು ಅವಳ ಕರಿಮಣಿಗೆ ಕೈ ಹಾಕಿದಂತೆ ನೋಡಿದಳು. ರಿಕ್ಷಾ ಹೊರಟಿತು. ಆ ಮುದುಕ ಆಸ್ಪತ್ರೆ ಮುಟ್ಟಲಿಲ್ಲ.

ಮುಂದಿನ ಜಂಟಿ ಮೀಟಿಂಗಿನಲ್ಲಿ ಗುಡ್ಡದ ಅಧ್ಯಕ್ಷರು ಕುರ್ಚಿಗೆ ಒರಗಿ ಖುಷಿಯಿಂದ ಹೇಳಿದರು, “ಗಾಡಿ ಬಂದ್ ಮೇಲೆ ಮೂರೂ ಊರಿಗೆ ಎಂತ ತೊಂದ್ರೆಯೂ ಇಲ್ಲೆ ಕಾಣಿ. ಎಷ್ಟ್ ದಿನ ಆಯ್ತ್, ಒಂದ್ ಕರೆ ಬರ್ಲಿಲ್ಲೆ. ದೇವ್ರ್ ದೊಡ್ಡವ.” ಎಲ್ಲರೂ ತಲೆಯಾಡಿಸಿದರು. ಎಲ್ಲರಿಗೂ ಗೊತ್ತಿತ್ತು. ತಲೆಯಾಡಿಸಿದವರಲ್ಲಿ ಇಬ್ಬರು ತಮ್ಮ ಮನೆಯವರನ್ನೇ ರಿಕ್ಷಾದಲ್ಲಿ ಸಾಗಿಸಿದ್ದರು. ನನಗೆ ಮೈಯೆಲ್ಲ ಉರಿಯಿತು, ಜೊತೆಗೆ ಒಂಥರ ಭಯವೂ ಆಯಿತು. ಊರಲ್ಲಿ ಕಾಯಿಲೆ ಇದೆ, ಸಾವಿದೆ, ಅವುಗಳ ಸದ್ದು ಮಾತ್ರ ನಮಗೆ ಕೇಳಿಸದಂತೆ ಜನ ಅಡಗಿಸಿಡುತ್ತಿದ್ದಾರೆ ಎಂಬ ಭಯ.

ಗದ್ದೆ ಕೊಯ್ಲಾಗಿ ಹುಲ್ಲು ಒಟ್ಟಿದ ಮೇಲೆ ನಮ್ಮ ಊರಿನ ಒಂದು ಮನೆಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬೆಂಕಿಗೆ ಮಾತ್ರ ಕರೆದೇ ಕರೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ಕರೆಯಲಿಲ್ಲ, ಹೊಗೆ ಕಂಡು ನಾವೇ ಹೋದೆವು. ಹುಡುಗ ವ್ಯಾನನ್ನು ಬೇಲಿಯ ದಣಪೆಯ ಹತ್ತಿರ ತಂದು ಅಂಗಳಕ್ಕೆ ತಿರುಗಿಸಬೇಕು, ಆ ಮನೆಯ ಹಿರಿಯ ಕೈ ಅಡ್ಡ ಹಿಡಿದು ನಿಂತ.

“ಗಾಡಿ ಒಳ್ಗ್ ತಪ್ಪುದ್ ಬ್ಯಾಡ! ಅಲ್ಲೇ ನಿಲ್ಸಿ! ಮನಿಯಗ್ ಬಸ್ರಿ ಹೆಣ್ ಇತ್ತ್!”

“ಮಾರಾಯ್ರೆ, ಕೊಟ್ಟಿಗೆಗೆ ಹಿಡಿತಾ ಇತ್ತ್ ಕಾಣಿ!” ಎಂದು ನಾನು ಕಿರುಚಿದೆ.

“ಹಿಡೀಲಿ!”

ರಸ್ತೆಯಲ್ಲೇ ನಿಂತು ಪಂಪು ಬಿಟ್ಟೆವು. ಪೈಪು ಅಂಗಳದ ಅರ್ಧಕ್ಕೆ ಮುಗಿಯಿತು. ನೀರು ತುಳಸಿಕಟ್ಟೆಯವರೆಗೆ ಹೋಗಿ ಬಿತ್ತು, ಮುಂದೆ ಹೋಗಲಿಲ್ಲ. ಅವರು ಬಾವಿಯಿಂದ ಕೊಡಪಾನದಲ್ಲಿ ಸೇದಿ ಸೇದಿ ಹೊಯ್ದರು. ಬಣವೆ ಹೋಯಿತು, ಕೊಟ್ಟಿಗೆ ಹೋಯಿತು, ಕಟ್ಟು ಬಿಚ್ಚಲು ಸಿಗದ ಒಂದು ಹಸು ಹೋಯಿತು. ಅದರ ಕೂಗು ನಿಂತ ಮೇಲೂ ಆ ಹಿರಿಯ ಕೈ ಇಳಿಸದೆ ನಮ್ಮ ವ್ಯಾನನ್ನೇ ನೋಡುತ್ತ ನಿಂತಿದ್ದ.

ಇದೇ ಸಿಟ್ಟಿನಲ್ಲಿ ನಾನು ಮುಂದಿನ ಮೀಟಿಂಗಿಗೆ ಹೋದದ್ದು. ಅದು ಗುಡ್ಡದ ಪಂಚಾಯ್ತಿಯಲ್ಲಿ ಇತ್ತು. ವ್ಯಾನೂ ಅಲ್ಲೇ ಅಂಗಳದಲ್ಲಿ ನಿಂತಿತ್ತು. ಹಸು ಸತ್ತ ಮಾತು ಬಂತು. ಹೊಳೆಯಾಚೆಯ ಒಬ್ಬ ಸದಸ್ಯ ಎಲೆಯಡಿಕೆ ಮೆಲ್ಲುತ್ತ, “ಅದನ್ನ್ ಹೆಣ ಸಾಗ್ಸುಕೇ ಇಟ್ಕಂಬ. ಬದ್ಕಿದ್ದರ್ ಯಾರ್ ಅದ್ರಗ್ ಮನಿಕಂತ್ರ್?” ಎಂದ.

ನನಗೆ ಎಲ್ಲಿತ್ತೋ ಆ ರೋಷ. ಎದ್ದೆ. ಸೀದಾ ಅಂಗಳಕ್ಕೆ ಇಳಿದೆ. ವ್ಯಾನಿನ ಹಿಂದಿನ ಬಾಗಿಲು ತೆರೆದೆ, ಹತ್ತಿದೆ, ಆ ಸ್ಟ್ರೆಚರಿನ ಮೇಲೆ ಕಾಲು ಚಾಚಿ ಅಂಗಾತ ಮಲಗಿದೆ. ಎಲ್ಲರೂ ಮೆಟ್ಟಿಲ ಮೇಲೆ ಬಂದು ನಿಂತಿದ್ದರು.

“ಕಾಣಿ, ನಾ ಮನಿಕಂಡೆ!” ಎಂದು ಒಳಗಿಂದಲೇ ಕೂಗಿದೆ. “ಎಂತ ಆಯ್ತ್ ಈಗ? ಸತ್ನಾ?”

ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ತಲೆ ಎತ್ತಿ ನೋಡಿದರೆ ನಮ್ಮದೇ ಪಂಚಾಯ್ತಿಯ ಹಿರಿಯ ಸದಸ್ಯರೊಬ್ಬರು ಹೆಣದ ಎದುರು ನಿಂತವರಂತೆ ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಾರೆ. ತಾವು ಬಿಚ್ಚಿದ್ದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನಾನು ನೋಡಿದ್ದು ಕಂಡು ಗಡಿಬಿಡಿಯಲ್ಲಿ ಮತ್ತೆ ಸುತ್ತಿಕೊಂಡರು. ಡ್ರೈವರ್ ಹುಡುಗ ಬಾಗಿಲಿಗೆ ಬಂದು ಪಿಸುಗುಟ್ಟಿದ, “ಅಕ್ಕ, ಏಳಿ, ಏಳಿ. ಉತ್ತರಕ್ಕ್ ತಲೆ ಹಾಕಂಡ್ ಮನಿಕಂಡಿದ್ರಿ ನೀವ್.” ಇವನೊಬ್ಬನಾದರೂ ನನ್ನ ಕಡೆ ಇದ್ದಾನೆ ಎಂದುಕೊಂಡಿದ್ದೆ.

ಸುದ್ದಿ ನನಗಿಂತ ಮೊದಲೇ ಮನೆಗೆ ಮುಟ್ಟಿತ್ತು. ಅತ್ತೆ ಜಗಲಿಯಲ್ಲಿ ದೀಪ ಹಚ್ಚದೆ ಕೂತಿದ್ದರು. ನನ್ನ ಜೊತೆ ಅವರು ಜಗಳಾಡಿದ್ದರೆ ಬೇಕಾಗಿತ್ತು, ನಾನೂ ಆಡುತ್ತಿದ್ದೆ. ಮೆಲ್ಲಗೆ ಹೇಳಿದರು, “ನೀ ಒಬ್ಳೇ ಮನಿಕಂಡದ್ದ್ ಅಂದ್ಕಂಡ್ಯಾ? ಇಡೀ ಮನಿಯನ್ನೇ ಅದ್ರ ಮೇಲ್ ಮನಗ್ಸಿ ಬಂದೆ.”

ಅಲ್ಲಿಂದ ಶುರುವಾಯಿತು ನೋಡಿ. ಮೀನು ಕೊಳ್ಳುವವರು ಬಂಗುಡೆಯ ಕಿವಿರು ಎತ್ತಿ ನೋಡುವ ಮೊದಲು ನನ್ನ ಮುಖ ನೋಡುತ್ತಿದ್ದರು. “ಹುಷಾರಿದ್ಯಾ?” ಎನ್ನುತ್ತಿದ್ದರು. ಜನ್ಮದಲ್ಲಿ ನನ್ನ ಆರೋಗ್ಯ ಕೇಳದವರೆಲ್ಲ ಕೇಳತೊಡಗಿದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು, ಮೀನಿನ ವಾಸನೆಗೆ ಹೆದರುವ ಊರು ಅದಲ್ಲ. “ಇನ್ನೂ ಸಾಯ್ಲಿಲ್ಲೆ ಮಾರಾಯ್ತಿ, ನಾಳೆ ಬಂದ್ ಕಾಣ್” ಎಂದು ನಾನು ಒಬ್ಬಳಿಗೆ ಹೇಳಿದೆ. ಅವಳು ಬುಟ್ಟಿಯಲ್ಲಿ ಆರಿಸಿಟ್ಟ ಮೀನನ್ನೂ ಬಿಟ್ಟು ಹೋದಳು. ನಮ್ಮ ಮನೆಯ ಕರು ಸತ್ತರೆ ಅದು ನಾನು ಮಲಗಿದ್ದರಿಂದ. ಯಜಮಾನರ ಹಲ್ಲು ನೋವು ನಾನು ಮಲಗಿದ್ದರಿಂದ. ಬಾವಿಯ ಹಗ್ಗ ಹರಿದು ಕೊಡಪಾನ ತಳ ಸೇರಿದರೆ ಅದೂ ನಾನು ಮಲಗಿದ್ದರಿಂದ. ಯಜಮಾನರು ದಿನಾ ಸಂಜೆ ಮನೆಗೆ ಬಂದವರು ಮೊದಲು ನಾನು ಎಲ್ಲಿದ್ದೇನೆಂದು ಕಣ್ಣಲ್ಲೇ ಹುಡುಕುತ್ತಿದ್ದರು. ನನಗೆ ಅದು ಎಲ್ಲಕ್ಕಿಂತ ಹೆಚ್ಚು ಹಿಂಸೆಯಾಗುತ್ತಿತ್ತು.

ನಾನು ನಂಬುವವಳಲ್ಲ. ಹಾಗೆಂದು ಬೆಳಿಗ್ಗೆ ಎದ್ದವಳು ಹೆದರದೆ ಇರುತ್ತಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಇಡೀ ಊರು ಒಂದು ಮನೆಯ ಕಡೆಗೆ ನೋಡುತ್ತ, ಯಾವಾಗ, ಯಾರು ಎಂದು ಕಾಯುತ್ತಿದ್ದರೆ ಆ ಮನೆಯೊಳಗೆ ಇರುವವರಿಗೂ ಕಾಯುವ ರೋಗ ಅಂಟಿಕೊಳ್ಳುತ್ತದೆ.

ಶಿವರಾತ್ರಿ ಕಳೆದು ಹಂಗಾರಕಟ್ಟೆಯಿಂದ ಅಳಿಯ ಸುದ್ದಿ ತಂದ. ಅವರ ಮನೆಯವರು ಬೋಟು ಕಟ್ಟುವ ಕೆಲಸದವರು, ನನ್ನ ಒಬ್ಬಳೇ ಮಗಳನ್ನು ಅಲ್ಲಿಗೆ ಕೊಟ್ಟಿತ್ತು. ಮಗಳು ಬಸುರಿ, ದಿನ ನಿಂತಿತ್ತು. ಅಳಿಯ ನಾಚಿಕೊಂಡು ಚಹಾ ಕುಡಿದ. ನಾನು ಸಂತೋಷದಿಂದ ಒಳಗೆ ಹೋದರೆ ಅತ್ತೆ ಒಲೆಯ ಮುಂದೆ ಎರಡೂ ಕೈ ಮುಗಿದು ನಿಂತಿದ್ದರು. ಸಂತೋಷಕ್ಕೆ ಮುಗಿದ ಕೈಯಲ್ಲ ಅದು. “ಬಾಳಂತನಕ್ ಇಲ್ಲಿಗ್ ಕರಿಬ್ಯಾಡ” ಎಂದರು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕೆಂದು ಊರಿಗೆಲ್ಲ ಹೇಳುತ್ತಿದ್ದವರು ಅವರೇ.

ಸೀಮಂತಕ್ಕೆ ಹೋದಾಗ ನಾನೇ ಮಗಳಿಗೆ ಈ ಮಾತು ಹೇಳಿದೆ. ಬೇಕಾದರೆ ಇಲ್ಲೇ ಇರು, ಬ್ರಹ್ಮಾವರದ ಆಸ್ಪತ್ರೆ ಹತ್ತಿರ, ನಾನೇ ಬಂದು ಇರುತ್ತೇನೆ ಎಂದೆ. ಅವಳು ಮೂಗುತಿ ಅಲ್ಲಾಡುವ ಹಾಗೆ ನಕ್ಕಳು.

“ಊರವ್ರ್ ಬಾಯಿ ಯಾರಿಗ್ ಮುಚ್ಚುಕ್ ಆತ್ತ್ ಅಮ್ಮಾ? ನಂಗ್ ತವ್ರ್ ಮನಿಯಗೇ ಆಯ್ಕ್. ಬೇನೆ ಬಂದ್ರೆ ನಿನ್ ಗಾಡಿಯಗೇ ಹೋಪ. ಊರವ್ರೆಲ್ಲ ಕಾಣ್ಲಿ.”

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಹೆಮ್ಮೆಯಾಯಿತು. ಅವಳನ್ನು ಕರೆದುಕೊಂಡು ಬಂದೆವು.

ಅಷ್ಟರಲ್ಲಿ ಡ್ರೈವರ್ ಹುಡುಗ ಕೆಲಸ ಬಿಟ್ಟಿದ್ದ. ಮಳೆ ಹಿಡಿಯುವ ಮೊದಲು ಮನೆಗೆ ಬಂದು ಅಂಗಳದಲ್ಲೇ ನಿಂತು ಹೇಳಿದ, “ಅಕ್ಕ, ನಾ ಮುಂಬೈಗ್ ಹೋತೆ. ಹೆಣ್ ಕಾಂಬುಕ್ ಹೋದಲ್ಲೆಲ್ಲ, ಹೆಣದ ಗಾಡಿ ಬಿಡು ಗಂಡಿಗ್ ಕೊಡುದಿಲ್ಲೆ ಅಂತ್ರ್. ನಂಗೂ ಒಂದ್ ಮನಿ ಮಠ ಬ್ಯಾಡದಾ?” ಒಂದು ಪೊಟ್ಟಣ ಒಣಮೀನು ಕಟ್ಟಿ ಕೊಟ್ಟು ಕಳಿಸಿದೆ. ಹೊಸ ಡ್ರೈವರ್ ಬೇಕೆಂದು ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡೆ. ಯಾರೂ ಕರೆಯದ ಗಾಡಿಗೆ ಡ್ರೈವರ್ ಎಂತಕ್ಕೆ ಎಂದರು. ಕೊನೆಗೆ ಗುಡ್ಡದ ಆಫೀಸಿನ ಜವಾನನಿಗೆ ಗಾಡಿ ಬಿಡಲು ಬರುತ್ತದೆ, ಕೀ ಆಫೀಸಿನಲ್ಲೇ ಇರಲಿ, ಬೇಕಾದಾಗ ಫೋನು ಮಾಡಿದರೆ ತರುತ್ತಾನೆ ಎಂದು ಮೂರೂ ಪಂಚಾಯ್ತಿ ಒಪ್ಪಿದವು. ತಿಂಗಳಿಗೊಂದು ಊರು ಎಂಬ ಮಾತು ಅಲ್ಲಿಗೆ ನಿಂತಿತು. ಇಡೀ ಮಳೆಗಾಲ ವ್ಯಾನು ಗುಡ್ಡದ ಮೇಲೇ ಉಳಿಯಿತು. ನಾನು ಎರಡು ಸಲ ಫೋನು ಮಾಡಿ ಕೇಳಿದೆ. “ಇತ್ತ್ ಅಕ್ಕ, ಲಾಯ್ಕ್ ಇತ್ತ್, ಸ್ಟಾರ್ಟ್ ಮಾಡಿ ಇಡ್ತೆ” ಎಂದು ಜವಾನ ಎರಡು ಸಲವೂ ಹೇಳಿದ.

ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಸಮಯವಿತ್ತು. ನವರಾತ್ರಿಯ ಆಯುಧ ಪೂಜೆಯ ದಿನ ಮಧ್ಯಾಹ್ನ ಊಟಕ್ಕೆ ಕೂತ ಮಗಳು ಮಣೆಯಿಂದ ಏಳುವಾಗ ಹೊಟ್ಟೆ ಹಿಡಿದುಕೊಂಡಳು. ನೋವು ಬರುವುದು ನನಗೆ ಗೊತ್ತಿಲ್ಲವೇ? ಇದು ಆ ನೋವಲ್ಲ. ಬಂದು ಹೋಗುವ ನೋವಲ್ಲ, ಬಂದದ್ದು ಹೋಗದ ನೋವು. ಅವಳು ನಿಂತ ಜಾಗದಲ್ಲಿ ರಕ್ತ ಕಂಡಿತು.

ಅವಳನ್ನು ಕೂರಿಸುವಂತಿಲ್ಲ, ಮಲಗಿಸಿಯೇ ಒಯ್ಯಬೇಕೆಂದು ನನಗೆ ತಕ್ಷಣ ತಿಳಿಯಿತು. ಪಕ್ಕದ ಮನೆಗೆ ಓಡಿ ಗುಡ್ಡದ ಆಫೀಸಿಗೆ ಫೋನು ಹಚ್ಚಿದೆ. ಹೊಡೆದುಕೊಂಡಿತು, ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಹಬ್ಬದ ರಜೆ! ಆಫೀಸಿಗೆ ಬೀಗ! ಬೆಂಕಿಗೂ ಹೆರಿಗೆಗೂ ರಜೆ ಇದೆಯೇ ಎಂದು ಮೂರು ಪಂಚಾಯ್ತಿಯ ಅಷ್ಟು ಜನ ಒಮ್ಮೆಯೂ ಯೋಚಿಸಿರಲಿಲ್ಲ. ಯಜಮಾನರು ಬೈಕು ತೆಗೆದು ಗುಡ್ಡಕ್ಕೆ ಹೊರಟರು, ಪಕ್ಕದ ಮನೆಯವನನ್ನು ರಿಕ್ಷಾ ತರಲು ಹೆದ್ದಾರಿಗೆ ಅಟ್ಟಿದೆವು. ನಾನು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. “ಗಾಡಿ ಬಂತಾ ಅಮ್ಮಾ?” ಎಂದು ಕೇಳುತ್ತಿದ್ದಳು. “ಬಂತ್ ಮಗಾ, ಈಗ ಬಂತ್” ಎನ್ನುತ್ತಿದ್ದೆ.

ಯಜಮಾನರು ಒಬ್ಬರೇ ಬಂದರು. ಅವರ ಪಂಚೆಯ ತುದಿ, ಕೈ, ಎಲ್ಲ ಕೆಸರು.

“ಅದ್ ಬಪ್ಪುದಲ್ಲ” ಎಂದರು. ಅವರು ಕಂಡದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಚಕ್ರಗಳು ಗಾಳಿ ಹೋಗಿ ಮಣ್ಣಲ್ಲಿ ಹೂತಿದ್ದವು. ಬ್ಯಾಟರಿಯನ್ನು ಚೌತಿಯ ಗಣಪತಿಯ ಮೈಕಿಗೆ ಬಿಚ್ಚಿ ಒಯ್ದವರು ತಂದು ಹಾಕಿರಲಿಲ್ಲ. ಪಂಪು ಹೊಳೆಯಾಚೆ ಯಾರದ್ದೋ ಬಾವಿಯ ಕೆಸರು ತೆಗೆಯಲು ಹೋಗಿತ್ತು. ಹಿಂದಿನ ಬಾಗಿಲು ತೆರೆದು ನೋಡಿದರೆ ಸ್ಟ್ರೆಚರಿನ ಮೇಲೆ ಗೆದ್ದಲು ಕಟ್ಟಿತ್ತಂತೆ. ಊರಿನ ಸೈಕಲ್ಲಿಗೂ ಮಚ್ಚುಕತ್ತಿಗೂ ಹೂ ಮುಡಿಸಿದ ಆ ದಿನ ಅದಕ್ಕೆ ಒಂದು ಎಸಳು ಹಾಕಿದವರಿರಲಿಲ್ಲ.

ರಿಕ್ಷಾಗಳೆಲ್ಲ ತೊಳೆದು, ಮಾಲೆ ಹಾಕಿ, ಪೂಜೆಗೆಂದು ಸಾಲಾಗಿ ನಿಂತಿದ್ದವು. ಭಟ್ಟರು ಇನ್ನೂ ಬಂದಿರಲಿಲ್ಲ. ಪೂಜೆಯಾಗದೆ ಗಾಡಿ ತೆಗೆಯುವುದು ಹೇಗೆ ಎಂದು ಮೂರು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿದರಂತೆ. ಕೊನೆಗೆ ಒಬ್ಬ, “ಪೂಜಿ ಇರ್ಲಿ, ನಾ ಬತ್ತೆ” ಎಂದು ಸಾಲಿನಿಂದ ರಿಕ್ಷಾ ಹೊರಗೆಳೆದ. ಅವನ ಮಕ್ಕಳು ಮರಿ ಚೆನ್ನಾಗಿರಲಿ. ಮಾಲೆ ಸಮೇತ ಬಂದ. ಮಗಳನ್ನು ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಹಾಕಿಕೊಂಡೆವು. ಕಾಲು ಹೊರಗೆ, ಅದನ್ನು ಯಜಮಾನರು ಹಿಡಿದುಕೊಂಡಿದ್ದರು. ಮಳೆಗಾಲ ತಿಂದು ಬಿಟ್ಟ ರಸ್ತೆ. ಒಂದೊಂದು ಹೊಂಡಕ್ಕೂ ಅವಳು ಕೂಗುತ್ತಿದ್ದಳು, ಸೇತುವೆ ದಾಟಿದ ಮೇಲೆ ಕೂಗುವುದನ್ನೂ ನಿಲ್ಲಿಸಿದಳು. ರಿಕ್ಷಾದವನು ತಿರುಗಿ ನೋಡಿ ನೋಡಿ ಓಡಿಸುತ್ತಿದ್ದ. ನಾನು ಅವಳ ಕೆನ್ನೆಗೆ ಬಡಿಯುತ್ತ, ಹೆಸರು ಕೂಗುತ್ತ, ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ನಂಬುವವಳಲ್ಲ ಎಂದೆನಲ್ಲ, ಆ ದಾರಿಯಲ್ಲಿ ನಾನು ಎಲ್ಲವನ್ನೂ ನಂಬಿದೆ.

ಮಗಳು ಉಳಿದಳು. ಗಂಡು ಮಗು, ಉಳಿಯಲಿಲ್ಲ. ಮಾಸು ಹೆರಿಗೆಗೆ ಮೊದಲೇ ಗರ್ಭದಿಂದ ಬಿಟ್ಟುಕೊಂಡಿತ್ತು, ಇನ್ನೂ ಸ್ವಲ್ಪ ಮೊದಲು ತಂದಿದ್ದರೆ, ಅಲುಗಾಡಿಸದೆ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರಮ್ಮ ಹೇಳಿದರು. ನಾನು ಗೋಡೆಗೆ ತಲೆ ಕೊಟ್ಟು ಊರಿಗೆ ಕೇಳುವಂತೆ ಅತ್ತುಬಿಟ್ಟೆ.

ಮಗುವಿಲ್ಲದ ಬಾಳಂತಿಯನ್ನು ಮನೆಗೆ ತಂದು ಬಿಸಿನೀರು ಹಾಕಿ ಮಲಗಿಸಿದೆವು. ನೋಡಲು ಬಂದವರ ಸಾಲು. ನಾನು ಬಂದವರಿಗೆಲ್ಲ ಹೇಳಿದೆ. ಬ್ಯಾಟರಿ ಒಯ್ದವರ ಮಾತು, ಬೀಗ ಹಾಕಿದ ಆಫೀಸಿನ ಮಾತು, ಸುಳ್ಳು ಹೇಳಿದ ಜವಾನನ ಮಾತು, ನೀವೆಲ್ಲ ಒಂದೊಂದು ಸಲ ಕರೆದಿದ್ದರೂ ಆ ಗಾಡಿ ಹಾಗೆ ಕೊಳೆಯುತ್ತಿರಲಿಲ್ಲ ಎಂಬ ಮಾತು. ಕೇಳುತ್ತಿದ್ದರು, ಹೌದು ಹೌದು ಎನ್ನುತ್ತಿದ್ದರು. ಎದ್ದು ಹೋಗುವಾಗ ಅವರ ಮುಖದಲ್ಲಿ ಒಂದು ನಿರಾಳ ಕಾಣುತ್ತಿತ್ತು. ಅಷ್ಟು ದಿನ ಕಾದಿದ್ದದ್ದು ಬಂದಾಯಿತು, ತಮ್ಮ ಮನೆಗಲ್ಲ ಎಂಬ ನಿರಾಳ. ದಣಪೆ ದಾಟುವ ಮೊದಲೇ ಅವರ ಮಾತು ನನ್ನ ಕಿವಿಗೆ ಬೀಳುತ್ತಿತ್ತು. “ಅವತ್ತೇ ಹೇಳಿದ್ರ್ ಅಲ್ದಾ, ಮನಿಕಂಬುಕ್ ಆಗ” ಎನ್ನುತ್ತಿದ್ದರು. ವ್ಯಾನು ಬಾರದೆ ಮಗು ಹೋಯಿತು ಎಂದು ಮೂರು ಊರಿನಲ್ಲಿ ಒಬ್ಬರೂ ಹೇಳಲಿಲ್ಲ. ನಾನು ವ್ಯಾನಿನಲ್ಲಿ ಮಲಗಿದ್ದಕ್ಕೆ ಹೋಯಿತು ಎಂದರು. ಪಂಚಾಯ್ತಿಯವರಿಗೂ ಅದೇ ಬೇಕಿತ್ತು.

ಅವರು ಹೇಳಿಕೊಳ್ಳಲಿ ಎಂದು ಹಲ್ಲು ಕಚ್ಚಿದೆ. ಅತ್ತೆಯ ಮೌನವನ್ನೂ ಸಹಿಸಿದೆ. ಒಂದು ದಿನ ಬೆಳಿಗ್ಗೆ ಮಗಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

“ಅಮ್ಮಾ, ನೀ ಎಂತಕ್ ಅದ್ರ ಮೇಲ್ ಮನಿಕಂಡೆ?”

ಬೇರೆ ಯಾರು ಕೇಳಿದ್ದರೂ ನನ್ನ ಹತ್ತಿರ ಉತ್ತರವಿತ್ತು. ಒಂದಲ್ಲ, ಹತ್ತು ಇದ್ದವು. ಬ್ಯಾಟರಿ, ಬೀಗ, ರಜೆ ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಊರವರೆಲ್ಲ ಕಾಣಲಿ ಎಂದು ನಕ್ಕವಳು ಇವಳೇ.

“ಸಿಟ್ಟ್ ಬಂದಿತ್ ಮಗಾ” ಎಂದೆ.

ಅವಳು ಸೆರಗು ಎಳೆದು ಬೆನ್ನು ಮುಚ್ಚಿಕೊಂಡಳು.

ಎರಡನೆಯದಕ್ಕೆ ಅವಳು ಬರಲಿಲ್ಲ. ಬ್ರಹ್ಮಾವರ ಹತ್ತಿರವಲ್ಲವೇ, ಅಲ್ಲೇ ಆಗಲಿ ಎಂದು ಅಳಿಯನ ಬಾಯಲ್ಲಿ ಹೇಳಿಸಿದಳು. ಹೆಣ್ಣು ಮಗು, ಸುಖವಾಗಿ ಆಯಿತು. ಸುದ್ದಿ ಕೇಳಿ ನಾನು ಮೊದಲ ಬಸ್ಸಿಗೇ ಹೊರಟೆ. ಹಂಗಾರಕಟ್ಟೆಯ ಅವರ ಮನೆಯಲ್ಲಿ ಕೈಕಾಲು ತೊಳೆದು ಒಳಗೆ ಹೋದೆ. ಮಗಳು ನನ್ನನ್ನು ಕಂಡು ನಕ್ಕಳು, “ಬಾ ಅಮ್ಮಾ, ಕೂಕೋ” ಎಂದಳು. ನಾನು ಎರಡೂ ಕೈ ಚಾಚಿದೆ. ಮಗುವನ್ನು ಕೊಟ್ಟಳು, ಕೊಡಲಿಲ್ಲ ಎನ್ನುವಂತಿಲ್ಲ. ಆದರೆ ಕೊಡುವ ಮೊದಲು ಅವಳ ಕೈ ಸ್ವಲ್ಪ ಹಿಂದೆ ಹೋದದ್ದನ್ನು ನಾನು ಕಂಡೆ, ನಾನು ಕಂಡದ್ದನ್ನು ಅವಳೂ ಕಂಡಳು.